ಆರನೆಯ ಪಾಯಿಂಟ್

ಹದಿಮೂರು ಉತ್ತರಪತ್ರಿಕೆ ಮುಗಿಯುವ ಹೊತ್ತಿಗೇ ಅವಳ ತಲೆ ಚಿಟ್ಟು ಹಿಡಿದುಹೋಗಿತ್ತು. ಹದಿಮೂರು ಮಕ್ಕಳು, ಹದಿಮೂರು ಥರದ ಕೈಬರಹ, ಆದರೆ ಇಪ್ಪತ್ತೆರಡನೆಯ ಪ್ರಶ್ನೆಗೆ ಉತ್ತರ ಮಾತ್ರ ಒಂದೇ: ‘ಹೇಸರಗತ್ತೆಯು ತಾಳ್ಮೆಯ ಪ್ರತಿರೂಪವಾಗಿದೆ. ಬಾತುಕೋಳಿಯು ಚಂಚಲತೆಯ ಪ್ರತಿರೂಪವಾಗಿದೆ.’ ಒಂದು ಮಗು ಗಡಿಬಿಡಿಯಲ್ಲಿ ತಾಳ್ಮೆಯನ್ನು ಬಾತುಕೋಳಿಗೆ ಕೊಟ್ಟುಬಿಟ್ಟು, ಆಮೇಲೆ ಎರಡು ಬಾಣ ಎಳೆದು ಅದಲುಬದಲು ಮಾಡಿತ್ತು. ಸಿಟ್ಟು ಮಾಡಿಕೊಳ್ಳುವುದಾದರೂ ಯಾರ ಮೇಲೆ? ಆ ವಾಕ್ಯಗಳನ್ನು ಬರೆದವಳು ಅವಳೇ. ಎಲ್ಲವನ್ನೂ ಒಂದು, ಎರಡು, ಮೂರು ಎಂದು ಬೋರ್ಡಿನ ಮೇಲೆ ಪಟ್ಟಿ ಮಾಡಿ ಪಾಠ ಹೇಳುತ್ತಿದ್ದುದರಿಂದ ಶಾಲೆಯಲ್ಲಿ ಅವಳ ಹೆಸರೇ ಪಾಯಿಂಟ್ ಮೇಡಂ ಎಂದಾಗಿತ್ತು. ಹನ್ನೆರಡು ವರ್ಷದ ಹಿಂದೆ ಒಬ್ಬ ಪ್ರಕಾಶಕ ಆ ಹೆಸರು ಕೇಳಿಕೊಂಡೇ ಮನೆ ಹುಡುಕಿ ಬಂದು, ‘ಹತ್ತು ದಿನದಲ್ಲಿ ಒಂದು ಗೈಡ್ ಬರ್ಕೊಡಿ ಮೇಡಂ’ ಎಂದಿದ್ದ. ಬರೆದುಕೊಟ್ಟಳು. ಆ ಹೇಸರಗತ್ತೆ, ಬಾತುಕೋಳಿಯ ಕಾದಂಬರಿಯನ್ನು ಪೂರಕ ಓದಿಗೆ ಇಟ್ಟಿದ್ದರೇನೋ ನಿಜ, ಆದರೆ ಅದನ್ನು ಕೊಂಡವರು ಯಾರು? ಮಕ್ಕಳು ಗೈಡ್ ಕೊಂಡರು, ಮೇಷ್ಟರುಗಳೂ ಗೈಡ್ ಕೊಂಡರು, ಕೊನೆಗೆ ಕೀ ಉತ್ತರ ಸಿದ್ಧಪಡಿಸುವ ಸಮಿತಿಯವರೂ ಅದನ್ನೇ ಪಕ್ಕದಲ್ಲಿಟ್ಟುಕೊಂಡು ಕೂತರು. ಈಗ ಅವಳ ಮುಂದಿದ್ದ ಕೀ ಉತ್ತರದ ಹಾಳೆಯಲ್ಲಿ ಅವಳದೇ ಆರು ಪಾಯಿಂಟುಗಳು, ಪಾಯಿಂಟಿಗೆ ಒಂದು ಅಂಕದಂತೆ, ಒಂದು ಅಕ್ಷರವೂ ಆಚೀಚೆಯಾಗದೆ ಕೂತಿದ್ದವು.

ಯಾರದೋ ಶಾಲೆಯ ಹಾಲ್‌ನಲ್ಲಿ ಮೌಲ್ಯಮಾಪನದ ಕ್ಯಾಂಪು. ಉದ್ದ ಮೇಜುಗಳು, ಮೇಜಿಗೆ ಆರು ಜನ, ಎಲ್ಲರ ಕೈಯಲ್ಲೂ ಕೆಂಪು ಪೆನ್ನು. ಮೇಲೆ ಫ್ಯಾನು ತಿರುಗುತ್ತಿತ್ತು, ಗಾಳಿ ಬರುತ್ತಿತ್ತು ಎಂದು ಹೇಳುವ ಹಾಗಿರಲಿಲ್ಲ. ಬಾಗಿಲಲ್ಲೇ ಫೋನುಗಳನ್ನು ಕಿತ್ತುಕೊಂಡು ನಂಬರು ಚೀಟಿ ಕೊಟ್ಟಿದ್ದರು. ಪಕ್ಕದಲ್ಲಿ ಕೂತಿದ್ದ ಚಾಳೀಸು ಮೇಷ್ಟರು ಕನ್ನಡಕವನ್ನು ಹಣೆಗೇರಿಸಿಕೊಂಡು, ಓದದೆ ಬರೀ ಕಣ್ಣಾಡಿಸಿ ಸರಸರನೆ ಅಂಕ ಹಾಕುತ್ತ, ಆಗಾಗ ‘ನಿಮ್ಮಿಂದ ನಮಗೆ ಎಷ್ಟು ಸುಲಭ ಆಯ್ತು ಮೇಡಂ, ಆರು ಗೆರೆ ಎಣಿಸಿದ್ರೆ ಮುಗೀತು’ ಎನ್ನುತ್ತಿದ್ದರು. ಹೊಗಳಿಕೆಯೋ ಹಂಗಿಸುವುದೋ ತಿಳಿಯದೆ ಅವಳು ಹಲ್ಲು ಕಿರಿದು ಮುಂದಿನ ಪತ್ರಿಕೆ ಎಳೆದುಕೊಳ್ಳುತ್ತಿದ್ದಳು. ಬೆಳಿಗ್ಗೆ ತಿಂಡಿ ತಿಂದಿರಲಿಲ್ಲ. ತಟ್ಟೆ ಮುಂದೆಯೇ ಇತ್ತು, ತಿನ್ನದೆ ಎದ್ದುಬಂದಿದ್ದಳು. ಐವತ್ತೆರಡು ವರ್ಷದ ಹೆಂಗಸು ಹನ್ನೆರಡರ ಹುಡುಗಿಯ ಹಾಗೆ ತಟ್ಟೆಯ ಮೇಲೆ ಸಿಟ್ಟು ತೀರಿಸಿಕೊಂಡದ್ದು ಈಗ ನೆನೆದರೆ ನಾಚಿಕೆಯಾಗುತ್ತಿತ್ತು, ಹೊಟ್ಟೆಯೂ ಚುರುಗುಟ್ಟುತ್ತಿತ್ತು.

ಕಾರಣ ತಂಗಿ. ಬಂದು ಎರಡು ದಿನವಾಗಿಲ್ಲ, ಅಡುಗೆಮನೆಯ ಡಬ್ಬಿಗಳೆಲ್ಲ ಜಾಗ ಬಿಟ್ಟು ಜಾಗಕ್ಕೆ ಹೋಗಿದ್ದವು. ವರ್ಷಕ್ಕೆ ಎರಡು ಸಲ ಬರುವವಳು, ಒಂದು ಚೀಲ, ಒಂದು ಗಂಟಲು. ಅವಳು ಬಂದರೆ ಅಕ್ಕಪಕ್ಕದ ಮನೆಯವರಿಗೂ ಗೊತ್ತಾಗುತ್ತದೆ. ಅಮ್ಮನಿಗೆ ದಿನವೂ ಬೆಳಿಗ್ಗೆ ಮಾತ್ರೆ ನುಂಗಿಸುವುದೆಂದರೆ ಒಂದು ಯುದ್ಧ. ನಾಲ್ಕು ವರ್ಷದಿಂದ ಅಕ್ಕನೇ ಚಮಚದಲ್ಲಿ ಪುಡಿ ಮಾಡಿ, ನೀರಲ್ಲಿ ಕಲಸಿ, ಬೇಡಿ, ಬೈದು, ಅರ್ಧ ಸೆರಗಿಗೆ ಅರ್ಧ ಹೊಟ್ಟೆಗೆ ಸೇರಿಸುತ್ತ ಬಂದಿದ್ದಳು. ಇವತ್ತು ತಂಗಿ ಬಂದು ನಿಂತು ‘ಆ ಅನ್ನಮ್ಮ’ ಎಂದಳು. ಅಮ್ಮ ಆ ಅಂದಳು. ಅಷ್ಟೇ. ಮಾತ್ರೆ ಒಳಗೆ ಹೋಯಿತು, ಮೇಲೊಂದು ನಗುವೂ ಬಂತು. ಅಕ್ಕನ ಕೈಯಲ್ಲಿ ಪುಡಿ ಮಾಡುವ ಚಮಚ ಹಾಗೇ ಉಳಿಯಿತು. ಆ ಗೆಲುವಿನ ಬೆನ್ನಿಗೇ ತಂಗಿ ಮಾತು ತೆಗೆದಿದ್ದಳು: ‘ಅಕ್ಕ, ಎರಡು ತಿಂಗಳು ಅಮ್ಮನ್ನ ನಾನು ಕರ್ಕೊಂಡು ಹೋಗ್ತೀನಿ.’

‘ನಿನ್ನ ಕೈಲಾಗಲ್ಲ.’

‘ಯಾಕಾಗಲ್ಲ?’

‘ನಿನ್ನ ಕೈಲಿ ಒಂದು ಕುಂಡದ ಗಿಡ ಉಳಿದಿದ್ದು ನಾನು ಕಾಣೆ.’

ತಂಗಿ ನಕ್ಕಳು. ನಕ್ಕು, ಸೊಂಟದ ಮೇಲೆ ಕೈಯಿಟ್ಟುಕೊಂಡು, ‘ಅಮ್ಮನಿಗೆ ಏನಾಗುತ್ತೋ ಅಂತ ನಿನಗೆ ಭಯ ಇಲ್ಲ ಬಿಡಕ್ಕ. ಅಮ್ಮ ಇಲ್ದೇ ಇದ್ರೆ ಜನ ನಿನ್ನ ಯಾಕೆ ಹೊಗಳ್ತಾರೆ ಅಂತ ಭಯ’ ಎಂದಳು. ಅಮ್ಮ ಅಲ್ಲೇ ಇದ್ದಳು, ಕೇಳಿಸಿಕೊಂಡಳೋ ಇಲ್ಲವೋ. ಅವಳು ಎದ್ದು ಬ್ಯಾಗು ಹೆಗಲಿಗೆ ಹಾಕಿ ಹೊರಟುಬಂದಳು. ಬಸ್ಸಿನಲ್ಲಿ ಕೂತ ಮೇಲೆ ತಂಗಿಗೆ ಕೊಡಬೇಕಾಗಿದ್ದ ಉತ್ತರಗಳು ಒಂದೊಂದಾಗಿ ಹೊಳೆದವು, ಒಟ್ಟು ಒಂಬತ್ತು ಪಾಯಿಂಟು. ಸಮಯಕ್ಕೆ ಒಂದೂ ಬರಲಿಲ್ಲ.

ಹದಿನಾಲ್ಕನೆಯ ಪತ್ರಿಕೆ ತೆಗೆದಳು. ಹಿಂದಕ್ಕೆ ವಾಲಿದ ಅಕ್ಷರ, ಪುಟದ ತುಂಬ ಹೊಡೆದುಹಾಕಿದ ಗೆರೆಗಳು, ವ್ಯಾಕರಣಕ್ಕೆ ಎಳ್ಳುನೀರು. ಸಂಧಿ ಸಮಾಸ ಎಲ್ಲ ಸೊನ್ನೆ. ಪ್ರಬಂಧಕ್ಕೆ ಅರ್ಧ ಪುಟ. ಇದು ಪಾಸಾಗುವ ಗಿರಾಕಿಯಲ್ಲ ಎಂದುಕೊಳ್ಳುತ್ತಲೇ ಇಪ್ಪತ್ತೆರಡಕ್ಕೆ ಬಂದಳು. ‘ಕಾದಂಬರಿಯಲ್ಲಿ ಬರುವ ಹೇಸರಗತ್ತೆ ಮತ್ತು ಬಾತುಕೋಳಿಯ ಸ್ವಭಾವಗಳನ್ನು ಹೋಲಿಸಿರಿ.’ ಕತೆ ಯಾರಿಗೆ ತಿಳಿಯದು! ನದಿ ದಂಡೆಯಲ್ಲಿ ಒಂದು ಹಿಟ್ಟಿನ ಗಿರಣಿ, ಅದರ ಮುದುಕ ಒಡೆಯ. ಮೂಟೆ ಹೊರುವುದಕ್ಕೆ ಹೇಸರಗತ್ತೆ. ಗಿರಣಿಯ ಕೊಳದಲ್ಲಿ ಒಂದು ಬಾತುಕೋಳಿ. ಹೇಸರಗತ್ತೆ ಬಾಯಿ ಬಿಡುವುದಿಲ್ಲ, ಗಿರಣಿ ಬಿಟ್ಟು ಕದಲುವುದಿಲ್ಲ. ಬಾತುಕೋಳಿಗೆ ಬಾಯಿ ಮುಚ್ಚಿಯೂ ಗೊತ್ತಿಲ್ಲ, ಒಂದು ಕಡೆ ನಿಂತೂ ಗೊತ್ತಿಲ್ಲ, ಇವತ್ತು ಇಲ್ಲಿದ್ದರೆ ನಾಳೆ ಬೆಟ್ಟದಾಚೆಯ ಕೆರೆಯಲ್ಲಿ. ಒಂದು ದಿನ ನೆರೆ ಬಂದು ಗಿರಣಿ ಕೊಚ್ಚಿಹೋಗುತ್ತದೆ. ಹೇಸರಗತ್ತೆ ಮುದುಕನನ್ನು ಬೆನ್ನ ಮೇಲೆ ಹೊತ್ತು ಆಚೆ ದಡ ಸೇರಿಸುತ್ತದೆ. ಆಮೇಲೆ ಬಾತುಕೋಳಿ ಹಾರಿ ಬರುತ್ತದೆ. ಆರನೆಯ ಪಾಯಿಂಟ್: ‘ಕೊನೆಯಲ್ಲಿ ಬಾತುಕೋಳಿಯು ತನ್ನ ತಪ್ಪನ್ನರಿತು ಹೇಸರಗತ್ತೆಯ ಕ್ಷಮೆ ಯಾಚಿಸುತ್ತದೆ.’

ಈ ಮಗು ಬರೆದದ್ದೇ ಬೇರೆ. ‘ಹೇಸರಗತ್ತೆ ಒಳ್ಳೆಯದು ಎಂದು ಎಲ್ಲರೂ ಹೇಳುತ್ತಾರೆ. ಹಾಗೆ ಹೇಳಿಸಿಕೊಳ್ಳುವುದು ಅದಕ್ಕೆ ತುಂಬಾ ಇಷ್ಟ. ಮೂಟೆ ಭಾರ ಆದರೂ ಭಾರ ಎಂದು ಹೇಳುವುದಿಲ್ಲ ಯಾಕೆಂದರೆ ಹೇಳಿದರೆ ಒಂದು ಮೂಟೆ ಇಳಿಸಿಬಿಡುತ್ತಾರೆ. ಬಾತುಕೋಳಿ ಮಾತು ಜಾಸ್ತಿ. ಆದರೆ ನೀರು ಬರುತ್ತಿದೆ ಎಂದು ಮೂರು ದಿನ ಮೊದಲೇ ಬಂದು ಹೇಳಿದ್ದು ಬಾತುಕೋಳಿ. ಹೇಸರಗತ್ತೆ ಅದನ್ನು ಯಜಮಾನನಿಗೆ ತಿಳಿಸಲಿಲ್ಲ. ಬಾತುಕೋಳಿ ಮಾತು ಯಾರು ನಂಬುತ್ತಾರೆ ಎಂದು ಅಂದುಕೊಂಡಿತು. ಕೊನೆಗೆ ಹೇಸರಗತ್ತೆ ತಲೆ ತಗ್ಗಿಸಿ “ನೀನು ಹೇಳಿದ್ದೆ, ನನಗೆ ಕೇಳಿಸಿತ್ತು” ಎಂದು ಕ್ಷಮೆ ಕೇಳುತ್ತದೆ. ಬಾತುಕೋಳಿ ಏನೂ ಹೇಳುವುದಿಲ್ಲ. ಮೈ ಒದರಿಕೊಂಡು ಕೆಸರಿನಲ್ಲಿ ಹುಳ ಹುಡುಕುತ್ತದೆ.’

ತಲೆಹರಟೆ. ಅವಳು ಇಡೀ ಉತ್ತರಕ್ಕೆ ಅಡ್ಡಗೆರೆ ಎಳೆದು ಅಂಚಿನಲ್ಲಿ ಸೊನ್ನೆ ಸುತ್ತಿದಳು. ಕೂಡಿದಳು. ಮೂವತ್ತೆರಡು. ಪಾಸಿಗೆ ಮೂವತ್ತೈದು. ಇರಲಿ, ಪುಸ್ತಕ ಮುಟ್ಟದೆ ಮನಸ್ಸಿಗೆ ಬಂದದ್ದು ಗೀಚಿದರೆ ಹೀಗೇ ಆಗುವುದು, ಮಾಡಿದ್ದುಣ್ಣೋ ಮಹರಾಯ. ಆದರೆ ಪತ್ರಿಕೆಯನ್ನು ಮಗುಚಿ ಇಡಲು ಕೈ ಬರಲಿಲ್ಲ. ಮನಸ್ಸಿಗೆ ಬಂದದ್ದು ಗೀಚುವ ಮಗು ಉದ್ಧರಣ ಚಿಹ್ನೆ ಹಾಕುವುದಿಲ್ಲ. ಇಡೀ ಪತ್ರಿಕೆಯಲ್ಲಿ ಪೂರ್ಣವಿರಾಮವನ್ನೇ ಸರಿಯಾಗಿ ಹಾಕಲು ಬಾರದ ಮಗು ಇಲ್ಲಿ ಮಾತ್ರ ಜೋಡಿ ಜೋಡಿಯಾಗಿ, ಎತ್ತಿ ಬರೆದಂತೆ ಹಾಕಿತ್ತು. ಆ ಹುಳ ಬೇರೆ. ಅಂಕಕ್ಕಾಗಿ ಹುಳವನ್ನು ಯಾರು ಕಟ್ಟಿ ಬರೆಯುತ್ತಾರೆ? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಅವಳು ಅತ್ತಿತ್ತ ನೋಡಿದಳು. ಚಾಳೀಸು ಮೇಷ್ಟರು ಆರು ಗೆರೆ ಎಣಿಸುತ್ತಿದ್ದರು.

ಮಧ್ಯಾಹ್ನದ ಬಿಡುವಿನಲ್ಲಿ ಊಟಕ್ಕೆ ಹೋಗದೆ ಆ ಶಾಲೆಯ ಲೈಬ್ರರಿ ಎಲ್ಲಿ ಎಂದು ಕೇಳಿಕೊಂಡು ಹೋದಳು. ಗ್ರಂಥಪಾಲಕಿ ಡಬ್ಬಿ ಬಿಚ್ಚಿ ತುತ್ತು ಬಾಯಿಗಿಡುತ್ತಿದ್ದಳು. ‘ಈಗಲೇ ಬೇಕಾ?’ ಎಂದಳು. ಈಗಲೇ ಬೇಕು ಎಂದಾಗ, ಇನ್ನೊಬ್ಬರ ಊಟ ಕೆಡಿಸುವವರ ಕಡೆಗೆ ಎಲ್ಲರೂ ನೋಡುವಂತೆ ನೋಡಿ, ಎಡಗೈಯಲ್ಲೇ ಬೀರುವಿನ ಬೀಗ ತೆಗೆದಳು. ಪುಸ್ತಕ ಮೇಲಿನ ಸಾಲಿನಲ್ಲಿತ್ತು, ಹೊಸದಾಗಿಯೇ ಹಳೆಯದಾಗಿತ್ತು. ಒಳಗೆ ಅಂಟಿಸಿದ ಚೀಟಿಯಲ್ಲಿ ಒಂದೇ ಒಂದು ಮುದ್ರೆ. ಅವಳು ನಿಂತುಕೊಂಡೇ ಕೊನೆಯ ಅಧ್ಯಾಯ ತೆಗೆದಳು. ನಾಲ್ಕೇ ಪುಟ. ಹೇಸರಗತ್ತೆ ತಲೆ ತಗ್ಗಿಸಿತ್ತು. ನೀನು ಹೇಳಿದ್ದೆ, ನನಗೆ ಕೇಳಿಸಿತ್ತು. ಬಾತುಕೋಳಿ ಮೈ ಒದರಿಕೊಂಡು ಕೆಸರಿಗೆ ಕೊಕ್ಕು ಹಾಕಿತ್ತು. ಹುಳವೂ ಇತ್ತು. ಅವಳು ಹಿಂದಿನ ಪುಟ ನೋಡಿದಳು, ಮುಂದಿನ ಪುಟ ನೋಡಿದಳು, ಇನ್ನೊಂದು ಅಧ್ಯಾಯ ಇದೆಯೇನೋ ಎಂದು ಹಿಂಬದಿಯ ರಟ್ಟಿನವರೆಗೂ ತಿರುವಿದಳು. ಬಾತುಕೋಳಿ ಎಲ್ಲಿಯೂ ಕ್ಷಮೆ ಕೇಳಿರಲಿಲ್ಲ.

ಹಾಗಾದರೆ ಅದು ಎಲ್ಲಿಂದ ಬಂತು? ಗೈಡ್ ಬರೆಯುವಾಗ ಅವಳು ಪುಸ್ತಕ ತೆರೆದಿರಲಿಲ್ಲ, ಅದು ನಿಜ. ತೆರೆಯುವ ಅಗತ್ಯವೇ ಕಂಡಿರಲಿಲ್ಲ. ಆ ಕತೆ ಅವಳಿಗೆ ಬಾಯಿಪಾಠ, ಅಮ್ಮನ ಧ್ವನಿಯಲ್ಲಿ. ಗೋಡೆಗೆ ಒರಗಿಸಿದ ದಿಂಬು, ಅಮ್ಮನ ಆಚೆಗೊಬ್ಬಳು ಈಚೆಗೊಬ್ಬಳು, ಈಚೆಗೆ ಅವಳು. ಹೇಸರಗತ್ತೆ ಮೂಟೆ ಹೊತ್ತಾಗಲೆಲ್ಲ ಅಮ್ಮನ ಕೈ ಅವಳ ತಲೆಯ ಮೇಲೆ ಬರುತ್ತಿತ್ತು, ಅದಕ್ಕೇ ಕಾದು ಕೂತಿರುತ್ತಿದ್ದಳು. ಕೊನೆಗೆ ಅಮ್ಮ ಪುಸ್ತಕದ ನಡುವೆ ಬೆರಳಿಟ್ಟು ಮುಚ್ಚಿ, ತಂಗಿಯ ಕಡೆ ತಿರುಗಿ, ಕಣ್ಣಲ್ಲಿ ಕಣ್ಣಿಟ್ಟು ಹೇಳುತ್ತಿದ್ದಳು: ‘ಆಗ ಬಾತುಕೋಳಿ ಬಂದು, ನನ್ನದು ತಪ್ಪಾಯ್ತು, ಇನ್ನು ಮೇಲೆ ಬಾಯಿ ಮಾಡಲ್ಲ, ಎಲ್ಲೂ ಹೋಗಲ್ಲ, ಹೇಳಿದ ಮಾತು ಕೇಳ್ಕೊಂಡು ಇರ್ತೀನಿ ಅಂತ ಕಾಲಿಗೆ ಬಿತ್ತು.’ ಮುಚ್ಚಿದ ಪುಸ್ತಕದಿಂದ ಅಮ್ಮ ಹೇಗೆ ಓದುತ್ತಾಳೆ ಎಂದು ಅವಳಿಗೆ ಆವತ್ತು ಅನ್ನಿಸಲಿಲ್ಲ. ಪುಸ್ತಕ ಮುಚ್ಚಿದ್ದು ಕಣ್ಣಿಗೆ ಕಂಡಿತ್ತು, ಕಂಡದ್ದು ಇವತ್ತಿನವರೆಗೂ ನೆನಪಿತ್ತು, ಆದರೂ ಅನ್ನಿಸಲಿಲ್ಲ. ಒಂಬತ್ತು ವರ್ಷದ ಒಂದು ಹುಡುಗಿಯನ್ನು ದಾರಿಗೆ ತರಲು ಅಮ್ಮ ಕಟ್ಟಿದ ನಾಲ್ಕು ಮಾತು! ಅದನ್ನು ಹನ್ನೆರಡು ವರ್ಷದಿಂದ ಲಕ್ಷಗಟ್ಟಲೆ ಮಕ್ಕಳು ಉರುಹೊಡೆದು, ಬರೆದು, ಅಂಕ ಪಡೆದು ಮರೆತಿದ್ದರು. ಅವಳಿಗೆ ನಗು ಬಂತು, ಅದು ಗಂಟಲಲ್ಲೇ ಕೆಟ್ಟು ಕೆಮ್ಮಾಯಿತು. ‘ನೀರು ಬೇಕಾ?’ ಎಂದಳು ಗ್ರಂಥಪಾಲಕಿ, ಬೇಸರದಿಂದಲೇ.

ಚೀಫ್ ಎಂದು ಎಲ್ಲರೂ ಕರೆಯುವ ಮುಖ್ಯ ಮೌಲ್ಯಮಾಪಕರು ವೇದಿಕೆಯ ಮೇಲೆ ಒಬ್ಬರೇ ಕೂತು ಪ್ರತಿ ಬಂಡಲಿನಿಂದ ಎರಡೆರಡು ಪತ್ರಿಕೆ ಎಳೆದು ಮರುಪರಿಶೀಲಿಸುತ್ತಿದ್ದರು. ಅವಳು ಪುಸ್ತಕವನ್ನು ಮುಂದೆ ಹಿಡಿದಳು. ಅವರು ಪುಸ್ತಕ ನೋಡದೆ ಅವಳನ್ನು ನೋಡಿದರು.

‘ಕೀ ಉತ್ತರ ತಪ್ಪಿದೆ ಸರ್.’

‘ಮೇಡಂ, ನಾಡಿದ್ದಿಗೆ ಕ್ಯಾಂಪ್ ಮುಗೀಬೇಕು. ನಾಲ್ಕು ಸಾವಿರ ಪೇಪರ್ ಆಗಿಹೋಗಿದೆ.’

‘ಒಂದು ಮಗು ಸರಿಯಾಗಿ ಬರೆದಿದೆ. ಕೀ ಪ್ರಕಾರ ಸೊನ್ನೆ ಕೊಡಬೇಕು. ಕೊಟ್ರೆ ಫೇಲು.’

‘ಪಾಪ, ಭಾಷೆ ಚೆನ್ನಾಗಿದೆ ಅಂತ ಎರಡು ಕೊಡಿ.’

‘ಎರಡು ಕೊಟ್ರೂ ಮೂವತ್ತನಾಲ್ಕು.’

ಚೀಫ್ ಪೆನ್ನಿನ ಹಿಂಬದಿಯಿಂದ ಕಿವಿ ಕೆರೆದುಕೊಂಡರು. ಕೆಟ್ಟ ಮನುಷ್ಯರಲ್ಲ, ಬೇಸತ್ತ ಮನುಷ್ಯರು. ‘ಈ ಉತ್ತರ ಎಲ್ಲಿಂದ ಬಂತು ಅಂತ ನಿಮಗೂ ಗೊತ್ತು, ನನಗೂ ಗೊತ್ತು. ತಿದ್ದುಪಡಿ ಮಾಡಬೇಕು ಅಂದ್ರೆ ಫಾರಂ ಇದೆ, ತುಂಬಿಕೊಡಿ, ಮೇಲಕ್ಕೆ ಕಳಿಸ್ತೀನಿ. ಆದ್ರೆ ಕಾರಣ ಬರೀಬೇಕು. ಬರೆದ್ರೆ ನಾಳೆ ಎಲ್ಲರ ಬಾಯಲ್ಲೂ ನೀವೇ. ಇನ್ನು ಎಷ್ಟು ವರ್ಷ ಸರ್ವಿಸ್ ಇದೆ ನಿಮಗೆ?’ ಎಂದವರೇ ಅವಳ ಮುಖ ನೋಡಿ ಮೆತ್ತಗಾದರು. ‘ಅಥವಾ ಹೀಗೆ ಮಾಡಿ. ಮುದ್ರಣ ದೋಷ ಅಂತ ಹಾಕಿ. ಮುದ್ರಣ ಮಾಡಿದವನು ಬಂದು ಜಗಳ ಆಡಲ್ಲ.’ ಡ್ರಾಯರಿನಿಂದ ಒಂದು ಫಾರಂ ತೆಗೆದು ಕೊಟ್ಟು, ಇನ್ನೊಂದು ಬಂಡಲು ಬಿಚ್ಚಿದರು.

ಅವಳು ಫಾರಮ್ಮನ್ನು ನಾಲ್ಕು ಮಡಿಕೆ ಮಡಚಿಕೊಂಡು ಹೊರಗೆ ಬಂದಳು. ಬಿಡುವು ಮುಗಿಯಲು ಇನ್ನೂ ಹದಿನೈದು ನಿಮಿಷವಿತ್ತು. ಆ ಮಗುವಿನ ಮೇಲೆ ಸಿಟ್ಟು ಬಂತು: ಪುಸ್ತಕ ಓದು ಎಂದು ಇದಕ್ಕೆ ಹೇಳಿದವರು ಯಾರು? ಸಂಧಿ ಸಮಾಸ ಓದಿಕೊಂಡಿದ್ದರೆ ತಾನೇ ಪಾಸಾಗುತ್ತಿರಲಿಲ್ಲವೆ, ಯಾರಿಗೂ ಈ ಫಜೀತಿ ಇರುತ್ತಿರಲಿಲ್ಲ. ಅಮ್ಮನ ಮೇಲೆ ಬಂತು. ತಂಗಿಯ ಮೇಲಂತೂ ಬರುವುದಕ್ಕೆ ಕಾರಣವೇ ಬೇಕಿರಲಿಲ್ಲ, ಬಂದೇ ಇತ್ತು. ಮುದ್ರಣ ದೋಷ. ಎರಡೇ ಪದ. ಮಗು ಪಾಸು, ಕೀ ಸರಿ, ಅವಳ ಹೆಸರು ಹೇಗಿತ್ತೋ ಹಾಗೆ. ಇದರಲ್ಲಿ ಯಾರಿಗೆ ಏನು ನಷ್ಟ? ಹೀಗೆ ಎಲ್ಲವೂ ಸರಿಹೋದ ಮೇಲೂ ಕಾಲು ಹಾಲ್‌ನ ಕಡೆ ಹೋಗದೆ ಬಾಗಿಲ ಹತ್ತಿರದ ಫೋನಿನ ಮೇಜಿನ ಕಡೆ ಹೋಯಿತು. ಚೀಟಿ ಕೊಟ್ಟು ಫೋನು ಬಿಡಿಸಿಕೊಂಡು, ಮೆಟ್ಟಿಲ ಕೆಳಗೆ ನಿಂತು, ಮನೆಗೆ ಮಾಡಿದಳು. ತಂಗಿ ಎತ್ತಿದಳು. ಹಿಂದೆ ಅಮ್ಮ ಏನೋ ಹೇಳಿ ತಾನೇ ನಗುತ್ತಿದ್ದುದು ಕೇಳಿಸಿತು.

‘ಏನಕ್ಕ, ಊಟ ಆಯ್ತಾ? ಬೆಳಿಗ್ಗೆ ತಿಂಡಿನೂ ತಿನ್ಲಿಲ್ಲ.’

‘ಅದಿರಲಿ. ನಾವು ಚಿಕ್ಕವರಿದ್ದಾಗ ಆ ಗಿರಣಿ ಕತೆ ಪುಸ್ತಕ ಇತ್ತಲ್ಲ, ಅದರ ಕೊನೇಲಿ ತಪ್ಪಾಯ್ತು ಅನ್ನೋದು ಯಾರು?’

‘ಅಮ್ಮ ಓದ್ತಿದ್ದ ಹಾಗೋ, ಪುಸ್ತಕದಲ್ಲಿ ಇದ್ದ ಹಾಗೋ?’

‘ನಿನಗೆ ಗೊತ್ತಿತ್ತಾ?’

‘ಗೊತ್ತಿಲ್ದೆ ಏನು? ಒಂದ್ಸಲ ಜ್ವರ ಬಂದು ಸ್ಕೂಲಿಗೆ ಹೋಗದೆ ಮಲಗಿದ್ನಲ್ಲ, ಆವಾಗ ನಾನೇ ಓದ್ಕೊಂಡೆ. ಎಷ್ಟು ಖುಷಿಯಾಯ್ತು ಗೊತ್ತಾ! ಜ್ವರನೇ ಬಿಟ್ಟುಹೋಯ್ತು ಅಂದ್ಕೋ.’

‘ಮತ್ತೆ ನನಗೆ ಯಾಕೆ ಹೇಳ್ಲಿಲ್ಲ?’

‘ಹೇಳಿದ್ನಲ್ಲ!’ ತಂಗಿಯ ಧ್ವನಿ ಎಂದಿನಂತೆ ಮೇಲಕ್ಕೆ ಹೋಯಿತು. ‘ನೀನು ಸ್ಕೂಲಿಂದ ಬಂದ ತಕ್ಷಣ, ಬಾಗಿಲಲ್ಲೇ ಹೇಳ್ದೆ. ನೀನು ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ. ಸೀದಾ ಒಳಗೆ ಹೋಗಿ, ನೋಡಮ್ಮ, ನೀನು ಸುಳ್ಳು ಓದ್ತೀಯ ಅಂತಾಳೆ ಇವಳು, ಅಂದ್ಬಿಟ್ಟೆ. ಅಮ್ಮ ಸ್ಕೇಲ್ ತಗೊಂಡು ಬಾರಿಸಿದ್ಲು. ಮಾರನೇ ದಿನ ಪುಸ್ತಕನೂ ಯಾರಿಗೋ ಕೊಟ್ಟುಬಿಟ್ಲು.’

‘ನನಗೆ ನೆನಪಿಲ್ಲ.’

‘ನಿನಗ್ಯಾಕೆ ನೆನಪಿರುತ್ತೆ? ಏಟು ಬಿದ್ದಿದ್ದು ನನಗೆ.’ ತಂಗಿ ನಕ್ಕಳು. ಅದರಲ್ಲಿ ಕುಹಕವಿರಲಿಲ್ಲ, ಹಳೆಯ ತಮಾಷೆಯೊಂದನ್ನು ನೆನೆದ ನಗು, ಅದೇ ಅವಳಿಗೆ ತಡೆಯಲಾಗಲಿಲ್ಲ.

‘ನನ್ನ ಗೈಡ್ ನೋಡಿದ್ಯಾ ನೀನು?’

‘ಮಗಳಿಗೆ ತಂದುಕೊಟ್ಟಿದ್ದೆ. ನಿನ್ನ ಹೆಸರು ನೋಡಿ ಎಲ್ಲರಿಗೂ ತೋರಿಸ್ಕೊಂಡು ಬಂದೆ. ಆಮೇಲೆ ಓದಿದ್ರೆ ಇದು! ಪುಸ್ತಕ ಓದಿದ್ಲಲ್ಲ, ಮಗಳು ಹಟ ಹಿಡಿದ್ಲು, ಇದು ತಪ್ಪು ಅಂತ. ನಾನೇ ಹೇಳ್ದೆ, ದೊಡ್ಡಮ್ಮ ಬರೆದ ಹಾಗೇ ಬರಿ, ತಕರಾರು ಬೇಡ, ಮಾರ್ಕ್ಸ್ ಬೇಕಲ್ಲ ಅಂತ.’

‘ನನಗೆ ಒಂದು ಮಾತು ಹೇಳಬಾರದಿತ್ತಾ?’

‘ಇನ್ನೊಂದ್ಸಲನಾ?’ ಎಂದಳು ತಂಗಿ.

ಆಗ ಒಂದು ಮಾತು ಆಡಬೇಕಾಗಿತ್ತು. ಅದು ಯಾವ ಮಾತು ಎಂದು ಅವಳಿಗೆ ಗೊತ್ತಿತ್ತು, ಹದಿಮೂರು ಪತ್ರಿಕೆಗಳಲ್ಲಿ ಬೆಳಿಗ್ಗೆಯಿಂದ ಅದನ್ನೇ ಓದಿ ಅಂಕ ಹಾಕಿದ್ದಳು. ಬಾಯಿ ತೆರೆದಳು. ‘ಅಮ್ಮ ಮಧ್ಯಾಹ್ನದ ಮಾತ್ರೆ ತಗೊಂಡ್ಲಾ?’ ಎಂದು ಕೇಳಿದಳು. ತಗೊಂಡಳು, ಚಕಾರ ಎತ್ತದೆ ತಗೊಂಡಳು ಎಂದು ತಂಗಿ ಹೇಳಿದ ಮೇಲೆ ಫೋನಿಟ್ಟಳು. ತನ್ನ ಮೇಲೆ ತನಗೇ ಎಷ್ಟು ರೇಗಿತೆಂದರೆ ಫೋನು ಒಪ್ಪಿಸುವಾಗ ಚೀಟಿ ವಾಪಸು ಕೊಡಲು ತಡಮಾಡಿದ ಜವಾನನಿಗೆ ಸುಮ್ಮಸುಮ್ಮನೆ ಬೈದಳು. ಅವನು ತಿರುಗಿ ಏನೂ ಅನ್ನಲಿಲ್ಲ. ಬೈಸಿಕೊಳ್ಳುವವರು ಯಾಕೆ ಹೀಗೆ ಸುಮ್ಮನಿರುತ್ತಾರೆ ಎಂದು ಅದಕ್ಕೂ ಸಿಟ್ಟು ಬಂತು. ಹಾಲ್‌ನೊಳಗೆ ನಡೆಯುತ್ತ, ಆ ಸಂಜೆಯನ್ನು ನೆನಪಿಸಿಕೊಳ್ಳಲು ನೋಡಿದಳು. ಬಾಗಿಲು, ಚಪ್ಪಲಿ, ಜ್ವರದ ಮುಖ. ಏನೂ ಬರಲಿಲ್ಲ. ಅವಳ ತಲೆಯಲ್ಲಿ ಉಳಿದದ್ದು ತಲೆಯ ಮೇಲೆ ಅಮ್ಮನ ಕೈಯೊಂದೇ. ಆವತ್ತು ರಾತ್ರಿಯೂ ಅಮ್ಮ ತನ್ನ ತಲೆ ಸವರಿರಬೇಕು, ತಾನು ಅದೇ ಸುಖದಲ್ಲಿ ನಿದ್ದೆ ಹೋಗಿರಬೇಕು, ಪಕ್ಕದಲ್ಲಿ ತಂಗಿ ಊದಿದ ಕೈ ಇಟ್ಟುಕೊಂಡು ಮಲಗಿರಬೇಕು.

ಹದಿನಾಲ್ಕನೆಯ ಪತ್ರಿಕೆಯನ್ನು ಮತ್ತೆ ತೆಗೆದು ಸೊನ್ನೆಯನ್ನು ಹೊಡೆದು ಪಕ್ಕದಲ್ಲಿ ಆರು ಬರೆದಳು. ನಿಯಮದಂತೆ ಚಿಕ್ಕ ಸಹಿ ಹಾಕಿದಳು. ಮೂವತ್ತೆಂಟು. ಚಾಳೀಸು ಮೇಷ್ಟರು ಕನ್ನಡಕ ಇಳಿಸಿ ಬಗ್ಗಿ ನೋಡಿದರು.

‘ಇದೇನು ಮೇಡಂ, ಅಡ್ಡಗೆರೆ ಹೊಡೆದ ಉತ್ತರಕ್ಕೆ ಆರಕ್ಕೆ ಆರು?’

‘ಗೆರೆ ಹೊಡೆದಿದ್ದು ತಪ್ಪು.’

‘ಚೀಫ್ ಹಿಡೀತಾರೆ.’

‘ನಾನೇ ತಗೊಂಡು ಹೋಗ್ತಿದ್ದೀನಿ.’

ಚೀಫ್ ಪತ್ರಿಕೆ ಓದಿದರು. ಈ ಸಲ ನಿಜವಾಗಿ ಓದಿದರು. ಹುಳದ ಹತ್ತಿರ ಬಂದಾಗ ಮೀಸೆ ಸ್ವಲ್ಪ ಅಲುಗಿತು. ಆಮೇಲೆ ನಿಟ್ಟುಸಿರು ಬಿಟ್ಟು ಹೇಳಿದರು, ‘ಸರಿ, ಕೀ ತಿದ್ದಿದೆವು ಅಂತಿಟ್ಕೊಳ್ಳಿ. ಆಗ ನಿಮ್ಮ ಗೈಡ್ ನಂಬಿ ಬರೆದ ಅಷ್ಟೂ ಮಕ್ಕಳಿಗೆ ಒಂದೊಂದು ಅಂಕ ಕಟ್. ಅದರಲ್ಲಿ ಎಷ್ಟು ಫೇಲೋ! ಅದನ್ನ ಯೋಚನೆ ಮಾಡಿದ್ರಾ?’

ಮಾಡಿರಲಿಲ್ಲ. ಅತ್ತ ದರಿ ಇತ್ತ ಪುಲಿ ಎಂದರೆ ಇದೇ. ಒಂದು ಮಗುವಿಗೆ ನ್ಯಾಯ ಮಾಡಲು ಹೊರಟರೆ ಅವಳನ್ನು ನಂಬಿದ್ದೇ ಉಳಿದವರ ತಪ್ಪಾಗುತ್ತಿತ್ತು. ‘ಅವರಿಗೂ ಕೊಡಿ’ ಎಂದಳು.

‘ಎರಡಕ್ಕೂ? ಒಂದರಲ್ಲಿ ಇದು ಕ್ಷಮೆ ಕೇಳುತ್ತೆ, ಇನ್ನೊಂದರಲ್ಲಿ ಅದು. ಎರಡೂ ಹೇಗೆ ಸರಿ ಮೇಡಂ?’

‘ಎರಡೂ ಸರಿ ಅಲ್ಲ ಸರ್. ಇದು ಸರಿ. ಅದು ನನ್ನ ತಪ್ಪು, ಅವರದಲ್ಲ. ನನ್ನ ತಪ್ಪಿಗೆ ಅವರ ಅಂಕ ಯಾಕೆ ಹೋಗಬೇಕು?’ ಧ್ವನಿ ಇಷ್ಟು ಜೋರಾಗಿ ಬಂದೀತೆಂದು ಅವಳೂ ಎಣಿಸಿರಲಿಲ್ಲ. ಮುಂದಿನ ಎರಡು ಮೇಜಿನವರು ತಲೆಯೆತ್ತಿದರು. ಎಂದೂ ಬಾಯಿ ಮಾಡದ ಪಾಯಿಂಟ್ ಮೇಡಂ ವೇದಿಕೆಯ ಮೇಲೆ ಗಂಟಲೆತ್ತಿದ್ದು ಅವರಿಗೆ ಮಧ್ಯಾಹ್ನದ ತೂಕಡಿಕೆಯಲ್ಲಿ ಒಳ್ಳೆಯ ಮನರಂಜನೆಯಾಗಿ ಒದಗಿತು.

‘ಆಯ್ತು, ಆಯ್ತು. ಎರಡರಲ್ಲಿ ಯಾವುದು ಬರೆದ್ರೂ ಕೊಡಿ ಅಂತ ಹೇಳ್ತೀನಿ. ಮೊದಲು ಆ ಫಾರಂ ತುಂಬಿ. ಇಲ್ದಿದ್ರೆ ನನ್ನ ತಲೆಗೆ ಬರುತ್ತೆ.’ ಚೀಫ್ ಎದ್ದು ನಿಂತು ಚಪ್ಪಾಳೆ ತಟ್ಟಿ, ಇಪ್ಪತ್ತೆರಡನೆಯ ಪ್ರಶ್ನೆಗೋಸ್ಕರ ಮುಗಿಸಿದ ಬಂಡಲುಗಳನ್ನೆಲ್ಲ ಮತ್ತೆ ಬಿಚ್ಚಬೇಕು ಎಂದು ಸಾರಿದರು. ಹಾಲ್‌ನ ಆ ತುದಿಯಿಂದ ಈ ತುದಿಯವರೆಗೆ ಕುರ್ಚಿಗಳು ಕಿರುಗುಟ್ಟಿದವು. ‘ಯಾರ್ರೀ ಅದು ಈ ಹೊತ್ತಿನಲ್ಲಿ ಹುಡುಕಿದ ಪುಣ್ಯಾತ್ಮರು?’ ಎಂದು ಯಾರೋ ಗೊಣಗಿದರು. ಚಾಳೀಸು ಮೇಷ್ಟರು ವೇದಿಕೆಯ ಕಡೆ ಬೆರಳು ತೋರಿಸಿದರು. ನಲವತ್ತು ಜನರ ಶಾಪ ಒಟ್ಟಿಗೆ ಬೆನ್ನ ಮೇಲೆ ಬಿದ್ದದ್ದು ಅವಳಿಗೆ ತಿರುಗಿ ನೋಡದೆಯೇ ಗೊತ್ತಾಯಿತು.

ಚೀಫರ ಮೇಜಿನ ಮೂಲೆಯಲ್ಲೇ ಫಾರಮ್ಮಿನ ಮಡಿಕೆ ಬಿಡಿಸಿಕೊಂಡು ಕೂತಳು. ಐದು ಕಲಂ. ದೋಷದ ವಿವರ: ಬರೆದಳು. ದೋಷಕ್ಕೆ ಕಾರಣ: ‘ಮೂಲ ಪುಸ್ತಕ ಓದದೆ ನಾನು ಬರೆದ ಗೈಡ್’ ಎಂದು ಬರೆದು ಹೆಸರು, ಶಾಲೆ, ಸೇವಾ ಸಂಖ್ಯೆ ಎಲ್ಲ ಹಾಕಿದಳು. ಇಷ್ಟು ಕಷ್ಟವೆಂದುಕೊಂಡದ್ದು ಒಂದೂವರೆ ಸಾಲಿನಲ್ಲಿ ಮುಗಿದುಹೋಯಿತು. ಮೂರನೆಯದು, ದೋಷವನ್ನು ಮೊದಲು ತಿಳಿಸಿದವರು. ಆ ಮಗುವಿನ ನೋಂದಣಿ ಸಂಖ್ಯೆಯನ್ನು ಬರೆಯಲು ಪತ್ರಿಕೆಯನ್ನು ಹತ್ತಿರ ಎಳೆದುಕೊಂಡಳು. ಮೊದಲ ಎರಡು ಅಂಕಿ ಬರೆದು ನಿಲ್ಲಿಸಿ, ಹೊಡೆದುಹಾಕಿ, ‘ನನ್ನ ತಂಗಿ’ ಎಂದು ಬರೆದಳು. ನಾಲ್ಕನೆಯದು, ತಿಳಿಸಿದ ದಿನಾಂಕ. ದಿನ ಗೊತ್ತಿರಲಿಲ್ಲ, ‘ಸುಮಾರು ನಲವತ್ತು ವರ್ಷದ ಹಿಂದೆ, ಒಂದು ಸಂಜೆ’ ಎಂದು ಬರೆದಳು.

‘ಇನ್ನೂ ಆಗಿಲ್ವಾ ಮೇಡಂ?’ ಎಂದು ಚೀಫ್ ಕೈ ಚಾಚಿದರು.

‘ಒಂದು ಕಲಂ ಇದೆ ಸರ್’ ಎಂದು ಅವಳು ಐದನೆಯದನ್ನು ನೋಡಿದಳು. ತಿಳಿಸಿದ ಕೂಡಲೇ ತೆಗೆದುಕೊಂಡ ಕ್ರಮ. ಅಕ್ಷರ ಗುಂಡಗೆ ಬರುವಂತೆ, ಬೋರ್ಡಿನ ಮೇಲೆ ಬರೆಯುವ ಹಾಗೆ ನಿಧಾನವಾಗಿ ಬರೆದಳು: ‘ಅವಳಿಗೆ ಏಟು ಕೊಡಿಸಿದೆ.’